ಅಗತ್ತಿಯ ದಾರಿ ಯಾರ ಕೈಯಲ್ಲಿತ್ತು?

2024ರ ಮಾರ್ಚ್ 31ರಂದು ಬೆಂಗಳೂರಿನಿಂದ ಲಕ್ಷದ್ವೀಪದ ಅಗತ್ತಿಗೆ ನೇರ ವಿಮಾನ ಶುರುವಾಯಿತು. ಅಲ್ಲಿಯವರೆಗೆ ನಮ್ಮ ಕಡೆಯಿಂದ ಹೊರಟವರು ಸಾಮಾನ್ಯವಾಗಿ ಮೊದಲು ಕೊಚ್ಚಿಗೆ ಹೋಗಿ, ಅಲ್ಲಿಂದ ಹಡಗನ್ನೋ ವಿಮಾನವನ್ನೋ ಹಿಡಿಯುತ್ತಿದ್ದರು. ಈಗ ಜತೆಗೆ ಯಾರೂ ಇಲ್ಲದೆ, ಹೆಗಲಿಗೊಂದು ಚೀಲ ಏರಿಸಿಕೊಂಡು ಹೊರಟವರೂ ಹಗಲು ಕಳೆಯುವುದರೊಳಗೆ ಅಗತ್ತಿಯ ತೆಂಗಿನ ನೆರಳಿಗೆ ತಲುಪಬಹುದು. ವಿಮಾನ ಬಂದು ದ್ವೀಪ ಹತ್ತಿರವಾಯಿತು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಈ ದ್ವೀಪಗಳ ಇನ್ನೂರು ಮುನ್ನೂರು ವರ್ಷಗಳ ಚರಿತ್ರೆಯನ್ನು ನೋಡಿದರೆ, ಅವು ಎಷ್ಟು ದೂರ ಎಂಬುದನ್ನು ಕಡಲಿಗಿಂತ ಹೆಚ್ಚಾಗಿ ದಡದ ಮೇಲಿನ ಕಚೇರಿಗಳೇ ತೀರ್ಮಾನಿಸಿವೆ ಎನ್ನಿಸುತ್ತದೆ. ಯಾವ ದ್ವೀಪದವರು ಯಾವ ಬಂದರಿಗೆ ಹೋಗಬೇಕು, ಏನನ್ನು ಯಾರಿಗೆ ಮಾರಬೇಕು, ಹೊರಗಿನವರಲ್ಲಿ ಯಾರು ಬರಬಹುದು ಎಂಬ ನಿರ್ಧಾರ ದ್ವೀಪದವರ ಕೈಯಲ್ಲಿ ಇದ್ದದ್ದು ಕಡಿಮೆ. ವಿಮಾನವೂ ಅದೇ ಸಾಲಿನಲ್ಲಿ ಬಂದದ್ದು.

ಮಂಗಳೂರಿನ ಉದಾಹರಣೆಯನ್ನೇ ನೋಡೋಣ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿಟ್ರಾ ಎಂಬ ಉತ್ತರದ ಐದು ದ್ವೀಪಗಳಿಗೆ ಅಮಿನ್‌ದಿವಿ ಎಂದು ಹೆಸರು. ಅವು ಕಣ್ಣೂರಿನ ಅರಕ್ಕಲ್ ಮನೆತನದ ಹಿಡಿತದಲ್ಲಿದ್ದವು. ಆ ಆಳ್ವಿಕೆಯ ದಬ್ಬಾಳಿಕೆ ತಾಳಲಾರದೆ ಅಮಿನಿಯ ಕೆಲವರು 1780ರ ದಶಕದಲ್ಲಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಮೊರೆಹೊಕ್ಕರು. ಆ ಮನೆತನದ ರಾಣಿ ಅರಕ್ಕಲ್ ಬೀಬಿಯೊಂದಿಗೆ ಮಾತುಕತೆಯಾಗಿ ಆ ಐದೂ ಮೈಸೂರಿನ ಪಾಲಾದವು. ಅಗತ್ತಿ, ಕವರತ್ತಿ, ಆಂಡ್ರೋತ್, ಕಲ್ಪೇನಿಗಳು ಬೀಬಿಗೇ ಉಳಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅಮಿನ್‌ದಿವಿ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ, ಮುಂದೆ ದಕ್ಷಿಣ ಕನ್ನಡ ಎನಿಸಿದ ಜಿಲ್ಲೆಯ ಆಡಳಿತಕ್ಕೆ ಒಳಪಟ್ಟಿತು. ದ್ವೀಪದ ಜನ ತೆಂಗಿನ ಸಿಪ್ಪೆಯ ನಾರನ್ನು ನೆನೆಹಾಕಿ, ಬಡಿದು, ಹೆಂಗಸರು ಕೈಯಲ್ಲೇ ಹೊಸೆದು ಮಾಡಿದ ಹುರಿ ಓಡಂ ಎಂಬ ಹಾಯಿ ದೋಣಿಗಳಲ್ಲಿ ಮಂಗಳೂರಿನ ಬಂದರಿಗೆ ಬರುತ್ತಿತ್ತು. ಅದನ್ನು ಕೊಳ್ಳುವ ಏಕಸ್ವಾಮ್ಯ ಸರ್ಕಾರದ್ದು, ಬೆಲೆ ಕಟ್ಟುತ್ತಿದ್ದುದೂ ಸರ್ಕಾರವೇ, ಬದಲಿಗೆ ಸಿಗುತ್ತಿದ್ದುದು ಬಹುಪಾಲು ಅಕ್ಕಿ. ಅಕ್ಕಿ ಬೆಳೆಯದ ನೆಲದವರಿಗೆ ಈ ವಿನಿಮಯವನ್ನು ಒಲ್ಲೆ ಎನ್ನುವ ದಾರಿಯೇ ಇರಲಿಲ್ಲ. ಅಮಿನಿಯವರಿಗೆ ಮಂಗಳೂರು ಹತ್ತಿರವಾದದ್ದು ಹೀಗೆ, ತೂಕದ ಕಲ್ಲಿನ ಮೂಲಕ.

ಇಷ್ಟೆಲ್ಲ ಕಚೇರಿಗಳಿಗೆ ಮುಂಚೆ ಮಳೆಗಾಲ ಇತ್ತಲ್ಲ, ದಾರಿ ಮುಚ್ಚುತ್ತಿದ್ದುದು ಅದೇ ತಾನೆ ಎಂದು ಯಾರಾದರೂ ಕೇಳಬಹುದು. ಕೇಳುವುದು ಸರಿಯೇ. ನೈಋತ್ಯ ಮಾರುತ ಎದ್ದರೆ ಹಾಯಿ ದೋಣಿಗಳನ್ನು ದಡಕ್ಕೆಳೆದು ಮಡಲಿನ ಚಪ್ಪರದ ಕೆಳಗೆ ಇಡಬೇಕಿತ್ತು. ಅಕ್ಕಿ ಮುಗಿದರೆ ತೆಂಗು, ಮೀನು ಇದ್ದಷ್ಟರಲ್ಲೇ ಬದುಕಬೇಕಿತ್ತು. ಆದರೆ ಮಳೆಗಾಲ ಎಲ್ಲ ದ್ವೀಪಗಳಿಗೂ ಒಂದೇ. ಅದು ಅಮಿನಿಯವರನ್ನು ಮಂಗಳೂರಿಗೂ ಪಕ್ಕದ ಕವರತ್ತಿಯವರನ್ನು ಕಣ್ಣೂರಿಗೂ ಕಳಿಸಲಿಲ್ಲ. ಒಂದೇ ಕಡಲು, ಒಂದೇ ನಂಬಿಕೆ, ಹೆಚ್ಚುಕಡಿಮೆ ಒಂದೇ ಮಾತು ಇದ್ದ ಜನ ಎರಡು ಜಿಲ್ಲೆಗಳಿಗೆ ಹಂಚಿಹೋದದ್ದು ದಡದ ರಾಜಕಾರಣದಿಂದ. ಬೀಬಿಯ ಪಾಲಿನ ದ್ವೀಪಗಳೂ ಕಂದಾಯದ ಬಾಕಿಯ ಜಗಳದಲ್ಲಿ ಸಿಕ್ಕಿ, ಕೊನೆಗೆ 1908ರ ಒಪ್ಪಂದದಿಂದ ಬ್ರಿಟಿಷರಿಗೆ ಸೇರಿದವು. ಅವುಗಳ ಲೆಕ್ಕ ಮಲಬಾರ್ ಜಿಲ್ಲೆಯಲ್ಲಿ ನಡೆಯಿತು.

1956ರ ನವೆಂಬರ್ 1 ನಮಗೆ ಕನ್ನಡ ನಾಡು ಒಂದಾದ ದಿನ. ಅದೇ ದಿನ ಅಮಿನ್‌ದಿವಿ ದಕ್ಷಿಣ ಕನ್ನಡದಿಂದ ಬೇರ್ಪಟ್ಟು, ಉಳಿದ ದ್ವೀಪಗಳೊಂದಿಗೆ ಕೇಂದ್ರಾಡಳಿತ ಪ್ರದೇಶವಾಯಿತು. ಒಂದೂವರೆ ಶತಮಾನದ ನಂಟು ಅಷ್ಟು ಸದ್ದಿಲ್ಲದೆ ಕಡಿದದ್ದನ್ನು ನಮ್ಮ ಏಕೀಕರಣದ ಕಥನಗಳು ನೆನೆಯುವುದು ಅಪರೂಪ. ಬಹುಪಾಲು ದ್ವೀಪಗಳ ಮಾತು ಮಲಯಾಳಂಗೆ ಹತ್ತಿರದ್ದಾದ್ದರಿಂದ ಅವು ಕೇರಳದ ಕಡೆ ವಾಲಿದ್ದು ಸಹಜವಾಗಿತ್ತು, ಅದರಲ್ಲಿ ಅನ್ಯಾಯವೇನೂ ಇಲ್ಲ. ಗಮನಿಸಬೇಕಾದದ್ದು ಬೇರೆ: ಹೊಸ ಪ್ರದೇಶದ ಆಡಳಿತ ಕಚೇರಿ ಮೊದಲ ಎಂಟು ವರ್ಷ ಇದ್ದದ್ದು ದ್ವೀಪದಲ್ಲಲ್ಲ, ಕಲ್ಲಿಕೋಟೆಯಲ್ಲಿ. 1964ರಲ್ಲಿ ಅದು ಕವರತ್ತಿಗೆ ಬಂತು. ಆಗಿನ ಆಡಳಿತಾಧಿಕಾರಿ ಮೂರ್ಕೋತ್ ರಾಮುಣ್ಣಿ ಎರಡನೇ ಮಹಾಯುದ್ಧದ ಕಾಲದ ವಾಯುಪಡೆಯ ವಿಮಾನಿ. ಆದರೂ ದ್ವೀಪಕ್ಕೆ ಮೊದಲು ಬೇಕಾದದ್ದು ಹಡಗೇ ಆಗಿತ್ತು. ಮುಂದೆ ಕೊಚ್ಚಿಯಿಂದ ಓಡಾಡಿದ ಹಡಗುಗಳಲ್ಲಿ ಒಂದಕ್ಕೆ ಟಿಪ್ಪು ಸುಲ್ತಾನನ ಹೆಸರಿತ್ತು. ಸುಲ್ತಾನ ದ್ವೀಪಗಳಿಗೆ ತೋರಿಸಿದ ಬಂದರು ಮಂಗಳೂರು, ಅವನ ಹೆಸರಿನ ಹಡಗು ಹೊರಡುತ್ತಿದ್ದುದು ಕೊಚ್ಚಿಯಿಂದ.

ಅಗತ್ತಿಯ ವಿಮಾನ ನಿಲ್ದಾಣ ತೆರೆದದ್ದು 1988ರ ಏಪ್ರಿಲ್ 16ರಂದು. ಮೊದಲು ಇಳಿದದ್ದು ಹತ್ತೊಂಬತ್ತು ಆಸನಗಳ ಡಾರ್ನಿಯರ್. ಓಡುದಾರಿಯ ಉದ್ದ ಸುಮಾರು 1,200 ಮೀಟರ್, ಬೆಂಗಳೂರಿನದು 4,000. ದ್ವೀಪದ ದಕ್ಷಿಣದ ತುದಿ ಎಷ್ಟು ಕಿರಿದೆಂದರೆ ಓಡುದಾರಿಯ ಎರಡೂ ಮಗ್ಗುಲಿಗೆ ನೀರು. ಇಂದಿಗೂ ಇಲ್ಲಿ ಇಳಿಯುವುದು ಎಟಿಆರ್‌ನಂಥ ಪಂಖದ ವಿಮಾನಗಳು, ಜೆಟ್‌ಗೆ ಜಾಗವಿಲ್ಲ. ಇಡೀ ಲಕ್ಷದ್ವೀಪಕ್ಕೆ ಇರುವುದು ಇದೊಂದೇ ನಿಲ್ದಾಣ. ಕಡಮತ್‌ನವರಾಗಲಿ ಕಿಲ್ತಾನ್‌ನವರಾಗಲಿ ವಿಮಾನ ಹತ್ತಬೇಕಾದರೆ ಮೊದಲು ಕಡಲು ದಾಟಿ ಅಗತ್ತಿಗೆ ಬರಬೇಕು. ಹೊರಗಿನ ಪ್ರವಾಸಿಗೆ ಮೊದಲು ತೆರೆದ ಬಂಗಾರಂ ಎಂಬ ಜನವಸತಿಯಿಲ್ಲದ ದ್ವೀಪ ಮಾತ್ರ ಇಲ್ಲಿಂದ ದೋಣಿಯಲ್ಲಿ ಹೋಗುವಷ್ಟು ಹತ್ತಿರ. ವಿಮಾನದಿಂದ ರೋಗಿಗಳ ಜೀವ ಉಳಿದಿಲ್ಲವೇ ಎಂದರೆ, ಖಂಡಿತ ಉಳಿದಿದೆ. ಹೆರಿಗೆ, ಹೃದಯಾಘಾತದಂಥ ತುರ್ತಿನಲ್ಲಿ ಕೊಚ್ಚಿಯ ಆಸ್ಪತ್ರೆಯವರೆಗೆ ಹಡಗಿನಲ್ಲಿ ಒಂದು ರಾತ್ರಿ ಕಳೆಯುವುದಕ್ಕೂ ಒಂದೂವರೆ ಗಂಟೆ ಹಾರುವುದಕ್ಕೂ ಇರುವ ಅಂತರ ಏನೆಂದು ದ್ವೀಪದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದಕ್ಕೇ ಈ ನಿಲ್ದಾಣವನ್ನು ಪ್ರವಾಸದ ಬಾಗಿಲು ಎಂದಷ್ಟೇ ಬಣ್ಣಿಸುವುದನ್ನು ನಾನು ಒಪ್ಪಲಾರೆ. ರಜೆಗೆ ಹೊರಟವರ ಆಸನ, ತಪಾಸಣೆಗೆ ಹೊರಟ ಅಜ್ಜಿಯ ಆಸನ ಎರಡೂ ಅದೇ ಸಣ್ಣ ವಿಮಾನದಲ್ಲೇ ಇವೆ.

ಒಬ್ಬರೇ ಬರುವ ಪ್ರವಾಸಿಗೆ ಇನ್ನೊಂದು ಬಾಗಿಲೂ ಇದೆ: ಪ್ರವೇಶ ಪರವಾನಗಿ. ದ್ವೀಪವಾಸಿಗಳನ್ನು ಪರಿಶಿಷ್ಟ ಪಂಗಡವೆಂದು ಗುರುತಿಸಿದ ಮೇಲೆ, 1967ರ ನಿಯಮಗಳು ಹೊರಗಿನವರ ಪ್ರವೇಶ ಮತ್ತು ವಾಸಕ್ಕೆ ಕಟ್ಟುಪಾಡು ಹಾಕಿದವು. ತಮ್ಮದೇ ದೇಶದೊಳಗೆ ಓಡಾಡಲು ಚೀಟಿ ಏಕೆ, ಮಾಲ್ದೀವ್ಸ್ ಹೇಗೆ ಬೆಳೆಯಿತು ನೋಡಿ ಎನ್ನುವವರಿದ್ದಾರೆ. ಆದರೆ ಮಾಲ್ದೀವ್ಸ್ ಕೂಡ 1972ರಲ್ಲಿ ಪ್ರವಾಸೋದ್ಯಮ ಶುರುಮಾಡಿ, ಮುಂದಿನ ದಶಕಗಳಲ್ಲಿ ಅತಿಥಿಗಳನ್ನು ಹೆಚ್ಚಾಗಿ ಜನವಸತಿ ಇಲ್ಲದ ದ್ವೀಪಗಳಲ್ಲೇ ಇರಿಸಿತು. ಅಷ್ಟೊಂದು ದ್ವೀಪಗಳು ಅದಕ್ಕಿವೆ. ಲಕ್ಷದ್ವೀಪದ ಒಟ್ಟು ನೆಲ 32 ಚದರ ಕಿಲೋಮೀಟರ್, 2011ರ ಜನಗಣತಿಯಂತೆ ಜನ 64,473. ಹವಳದ ಮರಳಿನಡಿ ಉಪ್ಪು ನೀರಿನ ಮೇಲೆ ತೇಲುವ ಮಳೆನೀರಿನ ತೆಳು ಪದರವೇ ಇವರ ಬಾವಿಗಳ ಸಿಹಿನೀರು, ಹೆಚ್ಚು ಸೇದಿದರೆ ಉಪ್ಪು ಮೇಲೇರುತ್ತದೆ. ಕವರತ್ತಿಯಲ್ಲಿ 2005ರಲ್ಲೇ ಕಡಲ ನೀರನ್ನು ಸಿಹಿಮಾಡುವ ಘಟಕ ಕಟ್ಟಬೇಕಾಗಿ ಬಂತು. ಹೀಗಿರುವಾಗ ಬರುವವರನ್ನು ಎಣಿಸುವುದು ಹಳೆಯ ದರ್ಪದ ಉಳಿಕೆ ಎನಿಸುವುದಿಲ್ಲ. ಆ ಎಣಿಕೆ ಯಾರು ಮಾಡಬೇಕು ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.

ಸರಕಿನ ದಾರಿಯ ವಿಷಯದಲ್ಲೂ ಇದೇ ಪ್ರಶ್ನೆ ಎದ್ದಿತ್ತು. 2021ರಲ್ಲಿ ದ್ವೀಪದ ಸರಕನ್ನು ಕೇರಳದ ಬೇಪೂರಿನ ಬದಲು ಮಂಗಳೂರಿನ ಮೂಲಕ ಸಾಗಿಸಲು ಆಡಳಿತ ಮುಂದಾದಾಗ ದ್ವೀಪದವರಿಂದ ವಿರೋಧ ಬಂತು. ಮಂಗಳೂರಿನ ಹಳೆ ಬಂದರಿನಿಂದ ಮಂಜಿ ಎಂಬ ಸರಕಿನ ದೋಣಿಗಳು ಅಕ್ಕಿ, ತರಕಾರಿ, ಜಲ್ಲಿಯನ್ನು ದ್ವೀಪಗಳಿಗೆ ಒಯ್ಯುವುದು ಹೊಸದೇನಲ್ಲ. ಹಾಗಾಗಿ ಆ ವಿರೋಧವನ್ನು ಮಂಗಳೂರಿನ ಮೇಲಿನ ಮುನಿಸೆಂದು ಓದುವುದು ತಪ್ಪು. ಬಂದರು ಬದಲಾಯಿಸುವುದು ಸಂಸಾರದ ಜಮಾಖರ್ಚನ್ನೇ ಬದಲಾಯಿಸಿದಂತೆ ಎಂದು ಇನ್ನೂರು ವರ್ಷದ ಅನುಭವ ಅವರಿಗೆ ಕಲಿಸಿತ್ತು. ಅಗತ್ತಿಯ ಓಡುದಾರಿಯನ್ನು ಪಕ್ಕದ ಕಲ್ಪಿಟ್ಟಿ ನಡುಗಡ್ಡೆಯ ಕಡೆಗೆ ಚಾಚಿ ದೊಡ್ಡ ವಿಮಾನ ಇಳಿಸುವ ಯೋಜನೆಯೂ ಈ ಚರಿತ್ರೆಯ ಹಿನ್ನೆಲೆಯಲ್ಲೇ ತೀರ್ಮಾನವಾಗಬೇಕು. ಬೆಂಗಳೂರಿನಿಂದ ಎಷ್ಟು ಜನ ಹಾರಬಲ್ಲರು ಎಂಬ ಲೆಕ್ಕಕ್ಕೆ ಮುಂಚೆ, ನಡುವಿನ ಹವಳದ ದಿಬ್ಬ ಅಗತ್ತಿಯ ಮೀನುಗಾರರಿಗೆ ಏನು ಕೊಡುತ್ತಿದೆ, ಮಳೆಗಾಲದ ಅಲೆಯನ್ನು ಎಷ್ಟು ತಡೆಯುತ್ತಿದೆ ಎಂಬ ಲೆಕ್ಕ ಅವರ ಪಂಚಾಯತಿಯ ಮುಂದೆ ಬರಬೇಕು. ಬೇಡ ಎನ್ನುವ ಅಧಿಕಾರವೂ ಆ ಪಂಚಾಯತಿಗೆ ಇರಬೇಕು.