ಮರಿಯಾ ಚಂಡಮಾರುತ ಮತ್ತು ಪೋರ್ಟೊ ರಿಕೊದ ಮನೆಬದುಕು

ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪವನ್ನು 2017ರ ಸೆಪ್ಟೆಂಬರ್ 20ರಂದು ಹಾಯ್ದುಹೋದ ಹರಿಕೇನ್. ಬಂಗಾಳ ಕೊಲ್ಲಿ ಮತ್ತು ಅರಬ್ಬಿ ಸಮುದ್ರದಲ್ಲಿ ಏಳುವ ಚಂಡಮಾರುತಗಳೂ ಅಟ್ಲಾಂಟಿಕ್ ಸಾಗರದ ಹರಿಕೇನುಗಳೂ ಒಂದೇ ಜಾತಿಯವು. ಬೆಚ್ಚನೆಯ ಕಡಲಿನಿಂದ ಬಲ ಪಡೆದು ಒಂದು ಕಣ್ಣಿನ ಸುತ್ತ ತಿರುಗುವ ಗಾಳಿಮಳೆಗಳು. ದ್ವೀಪದ ಮೇಲೆ ಮರಿಯಾ ಇದ್ದದ್ದು ಒಂದು ಹಗಲಿನಷ್ಟು ಹೊತ್ತು. ಅದು ಕೆಡಿಸಿಹೋದ ಮನೆಬದುಕು ನೆಟ್ಟಗಾಗಲು ಹಲವು ಕುಟುಂಬಗಳಿಗೆ ಒಂದು ವರ್ಷವೂ ಸಾಲಲಿಲ್ಲ. ಇದರಿಂದ ಸತ್ತವರಲ್ಲಿ ಹೆಚ್ಚಿನವರು ಗಾಳಿಗೋ ನೆರೆಗೋ ಸಿಕ್ಕಿ ಸತ್ತವರಲ್ಲ. ಆಕಾಶ ತಿಳಿಯಾದ ಮೇಲೆ, ಕರೆಂಟು, ನೀರು, ಔಷಧಿಗಳಿಲ್ಲದ ವಾರಗಳಲ್ಲಿ ಸತ್ತವರು. ಆದ್ದರಿಂದ ಮರಿಯಾದ ಚರಿತ್ರೆಯನ್ನು ಹವಾಮಾನ ನಕ್ಷೆಗಿಂತ ಅಡುಗೆಮನೆ, ಹಾಸಿಗೆ, ನೀರಿನ ಕೊಡಗಳ ಕಡೆಯಿಂದ ಓದುವುದೇ ಹೆಚ್ಚು ಸರಿ.

ಹಿನ್ನೆಲೆ

ಪೋರ್ಟೊ ರಿಕೊ 1898ರಿಂದ ಅಮೆರಿಕ ಸಂಯುಕ್ತ ಸಂಸ್ಥಾನಗಳ ಆಡಳಿತಕ್ಕೆ ಒಳಪಟ್ಟ ಪ್ರದೇಶ, ಆದರೆ ಅದರ ರಾಜ್ಯಗಳಲ್ಲಿ ಒಂದಲ್ಲ. ಜನರು ಅಮೆರಿಕದ ಪೌರರು. ಆಡುವ ಭಾಷೆ ಸ್ಪ್ಯಾನಿಷ್. ಪೂರ್ವ ಪಶ್ಚಿಮವಾಗಿ ಸುಮಾರು 160 ಕಿಲೋಮೀಟರ್ ಉದ್ದದ ಈ ದ್ವೀಪದ ನಡುವೆ ಬೆಟ್ಟಗಳ ಸಾಲು ಹಾದುಹೋಗಿದೆ. 2017ರಲ್ಲಿ ಇಲ್ಲಿ ಸುಮಾರು 33 ಲಕ್ಷ ಜನರಿದ್ದರು. ದೊಡ್ಡ ವಿದ್ಯುತ್ ಸ್ಥಾವರಗಳು ದಕ್ಷಿಣ ಕರಾವಳಿಯಲ್ಲಿ, ಕರೆಂಟು ಹೆಚ್ಚು ಬೇಕಾದ ಸಾನ್ ಹ್ವಾನ್ ನಗರ ಮತ್ತು ಅದರ ಸುತ್ತಲ ಪ್ರದೇಶ ಉತ್ತರದಲ್ಲಿ. ಹೀಗಾಗಿ ಮುಖ್ಯ ತಂತಿಗಳೆಲ್ಲ ಬೆಟ್ಟ ಹತ್ತಿ ಇಳಿಯಬೇಕಿತ್ತು. ಅವುಗಳನ್ನು ನೋಡಿಕೊಳ್ಳುತ್ತಿದ್ದ ಸರ್ಕಾರಿ ವಿದ್ಯುತ್ ಸಂಸ್ಥೆ ಸಾಲದ ಹೊರೆಯಿಂದ 2017ರ ಜುಲೈನಲ್ಲಿ ದಿವಾಳಿ ಅರ್ಜಿ ಹಾಕಿಕೊಂಡಿತ್ತು.

ಸೆಪ್ಟೆಂಬರ್ 6ರಂದು ಇರ್ಮಾ ಎಂಬ ಇನ್ನೊಂದು ಹರಿಕೇನ್ ದ್ವೀಪದ ಉತ್ತರಕ್ಕೆ ಸರಿದುಹೋಯಿತು. ನೆಲಕ್ಕೆ ತಾಗದಿದ್ದರೂ ಹತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರ ಕರೆಂಟು ತೆಗೆಯಿತು. ಆ ರಿಪೇರಿ ಪೂರ್ತಿ ಮುಗಿಯುವ ಮೊದಲೇ ಮರಿಯಾ ಬಂತು. ಸೆಪ್ಟೆಂಬರ್ 18ರಂದು ಒಂದೇ ದಿನದಲ್ಲಿ ಅತ್ಯಂತ ಕೆಳಗಿನ ವರ್ಗದಿಂದ ಐದನೆಯ, ಎಂದರೆ ಅತಿ ತೀವ್ರ ವರ್ಗಕ್ಕೆ ಏರಿ ಡೊಮಿನಿಕಾ ದ್ವೀಪವನ್ನು ಬಡಿದು, ಅದು ಇತ್ತ ತಿರುಗಿತ್ತು. ತಯಾರಿಗೆ ಉಳಿದದ್ದು ಎರಡೇ ದಿನ. ಇರ್ಮಾಗೆಂದು ಕೊಂಡ ಸಾಮಾನು ಅದಾಗಲೇ ಖರ್ಚಾಗಿದ್ದ ಮನೆಗಳು ಮತ್ತೆ ಅಂಗಡಿಯ ಸಾಲಿನಲ್ಲಿ ನಿಂತವು.

ಗಾಳಿಯ ದಿನ

ಬೆಳಗಿನ 6.15ಕ್ಕೆ ಆಗ್ನೇಯ ಕರಾವಳಿಯ ಯಾಬುಕೋವಾ ಊರಿನ ಬಳಿ ಮರಿಯಾ ನೆಲ ಮುಟ್ಟಿತು. ಗಾಳಿಯ ವೇಗ ಗಂಟೆಗೆ ಸುಮಾರು 250 ಕಿಲೋಮೀಟರ್, ವರ್ಗ ನಾಲ್ಕು. 1928ರ ನಂತರ ದ್ವೀಪ ಇಷ್ಟು ಬಲವಾದ ಗಾಳಿಯನ್ನು ಕಂಡಿರಲಿಲ್ಲ. ಅದು ದ್ವೀಪವನ್ನು ಓರೆಯಾಗಿ ಸೀಳಿಕೊಂಡು ಮಧ್ಯಾಹ್ನದ ಹೊತ್ತಿಗೆ ವಾಯವ್ಯದಲ್ಲಿ ಕಡಲಿಗೆ ಇಳಿಯಿತು. ಕಾಗ್ವಾಸ್ ಪ್ರದೇಶದಲ್ಲಿ ಬಿದ್ದ ಮಳೆ 38 ಇಂಚಿನ ಸಮೀಪ, ಅಂದರೆ ಸುಮಾರು 960 ಮಿಲಿಮೀಟರ್. ಕಾಯೇ ಬೆಟ್ಟದ ಮೇಲಿದ್ದ ಹವಾಮಾನ ರೇಡಾರನ್ನೇ ಗಾಳಿ ಕಿತ್ತುಕೊಂಡು ಹೋಯಿತು.

ಆ ಹೊತ್ತನ್ನು ಮನೆಯೊಳಗೆ ಹೇಗೆ ಕಳೆದರೆಂಬುದು ಮನೆ ಯಾವುದರಿಂದ ಕಟ್ಟಿದ್ದೆಂಬುದನ್ನು ಅವಲಂಬಿಸಿತ್ತು. ಸಿಮೆಂಟ್ ಇಟ್ಟಿಗೆಯ ಗೋಡೆ, ಕಾಂಕ್ರೀಟ್ ತಾರಸಿಯ ಮನೆಗಳು ಬಹುಮಟ್ಟಿಗೆ ನಿಂತವು. ಕಿಟಕಿಗೆ ಲೋಹದ ಹಲಗೆ ಜಡಿದವರು ಒಳಗೇ ಉಳಿದರು. ಜಡಿಯದವರು ಬಾಗಿಲಿಗೆ ಹಾಸಿಗೆ, ಬೀರು ಒತ್ತಿ ಹಿಡಿದರು. ಕಿಟಕಿಯಿಲ್ಲದ ಬಚ್ಚಲುಮನೆಯೇ ಹಲವರಿಗೆ ಆಸರೆ. ಬಾಗಿಲ ಸಂದಿಯಿಂದ ನುಗ್ಗುವ ನೀರನ್ನು ಟವೆಲಿನಲ್ಲಿ ಒತ್ತಿ ಬಕೆಟ್ಟಿಗೆ ಹಿಂಡುವುದೇ ಆ ಬೆಳಗಿನ ಕೆಲಸವಾಗಿತ್ತು. ಮರದ ಗೋಡೆ, ತಗಡಿನ ಮಾಡಿನ ಮನೆಗಳ ಕಥೆ ಬೇರೆ. ಅಲ್ಲಿ ಮಾಡು ಹಾರಿದ ಮೇಲೆ ಉಳಿದ ದಾರಿ ನೆರೆಮನೆಯ ತಾರಸಿಯ ಕೆಳಗೆ ಓಡುವುದೊಂದೇ. ಉತ್ತರ ಕರಾವಳಿಯ ಲೆವಿಟೌನ್ ಬಡಾವಣೆಯಲ್ಲಿ ಗಾಳಿಯನ್ನು ಗೆದ್ದ ಮನೆಗಳಿಗೂ ನೀರು ಬಿಡಲಿಲ್ಲ. ಲಾ ಪ್ಲಾಟಾ ನದಿ ಉಕ್ಕಿ ಜನ ರಾತ್ರಿ ತಾರಸಿ ಹತ್ತಬೇಕಾಯಿತು. ಎರಡು ದಿನ ಬಿಟ್ಟು ವಾಯವ್ಯದ ಗ್ವಾಹತಾಕಾ ಅಣೆಕಟ್ಟೆಯ ಕೋಡಿ ಕೊರೆದುಹೋಗಿ, ಕೆಳಗಿನ ಸುಮಾರು 70,000 ಜನರಿಗೆ ಮನೆ ಬಿಡಲು ಸೂಚನೆ ಹೋಯಿತು.

ಮರುದಿನ ಬಾಗಿಲು ತೆರೆದವರಿಗೆ ಮೊದಲು ಕಂಡದ್ದು ಬಣ್ಣದ ಬದಲಾವಣೆ. ಹಸಿರು ಬೆಟ್ಟಗಳು ಎಲೆಯೆಲ್ಲ ಕಳೆದುಕೊಂಡು ಕಂದಾಗಿದ್ದವು. ಮೊಬೈಲ್ ಟವರುಗಳಲ್ಲಿ ಶೇಕಡಾ 95 ಸತ್ತಿದ್ದವು. ಪಕ್ಕದ ಊರಿನಲ್ಲಿರುವ ತಾಯಿ ಬದುಕಿದ್ದಾಳೋ ಇಲ್ಲವೋ ತಿಳಿಯುವ ದಾರಿ ಇರಲಿಲ್ಲ. ವಾಪಾ ರೇಡಿಯೊ ಎಂಬ ಕೇಂದ್ರವೊಂದು ಪ್ರಸಾರ ನಿಲ್ಲಿಸದೆ ಉಳಿದಿತ್ತು. ಜನ ಅಲ್ಲಿಗೆ ನಡೆದು ಬಂದು ಬಂಧುಗಳ ಹೆಸರು ಕೂಗಿಸಿದರು. ಎಲ್ಲೋ ಸಿಗ್ನಲ್ ಸಿಗುತ್ತದೆಂದು ಗೊತ್ತಾದರೆ ಹೆದ್ದಾರಿಯ ಅಂಚಿನಲ್ಲಿ ಕಾರುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಉಮಕಾವೊ ಬಳಿಯ ಪುಂತಾ ಸಾಂತ್ಯಾಗೊದ ಜನ, ನೀರು ಮತ್ತು ಊಟ ಬೇಕೆಂದು ರಸ್ತೆಯ ಮೇಲೆಯೇ ದೊಡ್ಡ ಅಕ್ಷರಗಳಲ್ಲಿ ಬರೆದರು, ಮೇಲೆ ಹಾರುವವರಾದರೂ ಓದಲಿ ಎಂದು.

ಕರೆಂಟಿಲ್ಲದ ತಿಂಗಳುಗಳು

ಇಡೀ ದ್ವೀಪದ ವಿದ್ಯುತ್ ಜಾಲ ನೆಲಕಚ್ಚಿತ್ತು. ಅಮೆರಿಕದ ಚರಿತ್ರೆಯಲ್ಲಿ ಇಷ್ಟು ದೀರ್ಘವಾದ ಕತ್ತಲೆ ಇನ್ನೊಂದಿಲ್ಲ. ಕೊನೆಯ ಮನೆಗಳಿಗೆ ಸಂಪರ್ಕ ಮರಳಿದಾಗ 2018ರ ಆಗಸ್ಟ್. ಹಾರ್ವರ್ಡ್ ವಿಶ್ವವಿದ್ಯಾಲಯದ ತಂಡ 3,299 ಮನೆಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, 2017ರ ಕೊನೆಯ ತನಕದ ಅವಧಿಯಲ್ಲೇ ಒಂದು ಮನೆ ಸರಾಸರಿ 84 ದಿನ ಕರೆಂಟಿಲ್ಲದೆ, 68 ದಿನ ನಲ್ಲಿ ನೀರಿಲ್ಲದೆ, 41 ದಿನ ಮೊಬೈಲ್ ಸಂಪರ್ಕವಿಲ್ಲದೆ ಇತ್ತು. ನೀರು ನಿಂತದ್ದೂ ಬಹುಪಾಲು ಕರೆಂಟಿನಿಂದಲೇ, ಪಂಪು ತಿರುಗದೆ.

ದಿನದ ಹೊತ್ತೆಲ್ಲ ಸಾಲುಗಳಲ್ಲಿ ಕಳೆಯಿತು. ಪೆಟ್ರೋಲಿಗೆ ಒಂದು ಸಾಲು, ಐಸಿಗೆ ಒಂದು, ಎ.ಟಿ.ಎಂ. ಎದುರು ಇನ್ನೊಂದು. ಕಾರ್ಡ್ ಯಂತ್ರಗಳು ಸತ್ತಿದ್ದರಿಂದ ಕೈಯಲ್ಲಿ ನಗದು ಇಲ್ಲದವನು ಬ್ಯಾಂಕಿನಲ್ಲಿ ಹಣವಿದ್ದೂ ಬಡವ. ಆರಂಭದ ದಿನಗಳಲ್ಲಿ ರಾತ್ರಿ ಕರ್ಫ್ಯೂ ಕೂಡ ಇತ್ತು. ಫ್ರಿಜ್ಜಿನಲ್ಲಿದ್ದ ಮಾಂಸವನ್ನು ಮೊದಲ ಎರಡು ಮೂರು ದಿನಗಳಲ್ಲಿ ಬೇಯಿಸಿ ನೆರೆಹೊರೆಯೊಂದಿಗೆ ಹಂಚಿ ತಿಂದರು. ಆಮೇಲೆ ಡಬ್ಬಿಯ ಊಟ. ಗ್ಯಾಸ್ ಒಲೆಯಿದ್ದ ಮನೆ ಕೇರಿಗೆಲ್ಲ ಕಾಫಿ ಕಾಸಿತು, ಕರೆಂಟ್ ಒಲೆಯವರು ಅಂಗಳದಲ್ಲಿ ಸೌದೆ ಹೂಡಿದರು. ಬಟ್ಟೆ ಒಗೆಯುವ ಯಂತ್ರ ಮೂಲೆ ಸೇರಿ, ಒಗೆಯುವ ಹಲಗೆಗೆ ಬೇಡಿಕೆ ಬಂತು. ರಾತ್ರಿಯ ಸೆಕೆಗೆ ಕಿಟಕಿ ತೆರೆದರೆ ಸೊಳ್ಳೆ, ಮುಚ್ಚಿದರೆ ಉಸಿರುಗಟ್ಟು.

ಕತ್ತಲೆಯ ಜೊತೆಗೆ ಜನ ಮರೆಯದ ಇನ್ನೊಂದು ಸಂಗತಿ ಜನರೇಟರುಗಳ ಗದ್ದಲ. ಕೊಳ್ಳಬಲ್ಲವರು ಕೊಂಡರು, ದಿನಕ್ಕೆ ನಾಲ್ಕಾರು ಗಂಟೆ ಓಡಿಸಿದರು. ಇದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಳೆಗೆ ನೆನೆಯದಿರಲಿ, ಕಳ್ಳರು ಒಯ್ಯದಿರಲಿ ಎಂದು ಅದನ್ನು ವರಾಂಡದಲ್ಲೋ ಗ್ಯಾರೇಜಿನಲ್ಲೋ ಇಟ್ಟರೆ ಮಲಗಿದವರು ಮಲಗಿದಲ್ಲೇ ಉಳಿಯಬಹುದು. ಮನೆಯಿಂದ ಕನಿಷ್ಠ ಆರು ಮೀಟರ್ ದೂರದಲ್ಲಿ, ಹೊಗೆಕೊಳವೆ ಕಿಟಕಿಗೆ ಬೆನ್ನು ಹಾಕಿರುವಂತೆ ಇಡಬೇಕೆಂದು ಆರೋಗ್ಯ ಇಲಾಖೆಗಳು ಹೇಳುವುದು ಇದಕ್ಕೆ. ಜನರೇಟರಿನ ವೈರನ್ನು ನೇರವಾಗಿ ಮನೆಯ ಸಾಕೆಟ್ಟಿಗೆ ಸಿಕ್ಕಿಸುವ ಅಭ್ಯಾಸ ಇನ್ನೂ ಕೆಟ್ಟದ್ದು. ಕರೆಂಟು ಹಿಂದಕ್ಕೆ ಹರಿದು, ಬೀದಿಯಲ್ಲಿ ಸತ್ತ ತಂತಿಯೆಂದು ಮುಟ್ಟಿದ ಲೈನ್‌ಮ್ಯಾನನ ಜೀವ ತೆಗೆಯುತ್ತದೆ.

ನೀರಿಗಾಗಿ ಬೆಟ್ಟದೂರಿನ ಜನ ಪ್ಲಾಸ್ಟಿಕ್ ಪೈಪು ಸಿಕ್ಕಿಸಿ ಝರಿಗಳನ್ನು ರಸ್ತೆಗೆ ಇಳಿಸಿಕೊಂಡರು. ಕುದಿಸಲು ಇಂಧನವಿಲ್ಲದಾಗ ವಾಸನೆ ಸೇರಿಸದ ಬಟ್ಟೆ ಬ್ಲೀಚನ್ನು ಲೀಟರಿಗೆ ಎರಡು ಹನಿಯ ಲೆಕ್ಕದಲ್ಲಿ ಬೆರೆಸಿ ಅರ್ಧ ಗಂಟೆ ಬಿಟ್ಟು ಕುಡಿಯುವುದು ಒಪ್ಪಿತ ವಿಧಾನ. ಎಲ್ಲರೂ ಹಾಗೆ ಮಾಡಲಿಲ್ಲ, ಮಾಡುವ ಸ್ಥಿತಿಯಲ್ಲೂ ಇರಲಿಲ್ಲ. ಇಲಿಯ ಮೂತ್ರ ಬೆರೆತ ನೀರಿನಿಂದ ಹರಡುವ ಇಲಿಜ್ವರದ ಪ್ರಕರಣಗಳು ಏರಿದವು, ಸಾವುಗಳೂ ಸಂಭವಿಸಿದವು. ಒದ್ದೆಯಾದ ಹಾಸಿಗೆ, ಸೋಫಾ, ಗೋಡೆಗಳಿಗೆ ಒಂದೆರಡು ದಿನದಲ್ಲೇ ಬೂಷ್ಟು ಹಿಡಿಯುತ್ತದೆ. ಬಿಸಿಲಿಗೆ ಹಾಕಿ ಒಣಗಿಸೋಣವೆಂದು ಕಾದವರಿಗಿಂತ ಮೊದಲ ದಿನವೇ ಬೀದಿಗೆ ಎಸೆದವರ ಮನೆಯಲ್ಲಿ ಕೆಮ್ಮು ಕಡಿಮೆ.

ಸಾವಿನ ಲೆಕ್ಕ

ಸರ್ಕಾರ ಹಲವು ತಿಂಗಳ ಕಾಲ ಹಿಡಿದು ಕೂತ ಸಂಖ್ಯೆ 64. ವೈದ್ಯರು ಮರಣಪತ್ರದಲ್ಲಿ ಚಂಡಮಾರುತವೇ ಕಾರಣವೆಂದು ಬರೆದರೆ ಮಾತ್ರ ಈ ಲೆಕ್ಕಕ್ಕೆ ಸೇರುತ್ತಿತ್ತು. ಆಮ್ಲಜನಕದ ಯಂತ್ರ ನಿಂತು ಸತ್ತ ಮುದುಕ ಶ್ವಾಸಕೋಶದ ಕಾಯಿಲೆಯವನಾದ; ತಂಪಿಲ್ಲದೆ ಇನ್ಸುಲಿನ್ ಕೆಟ್ಟು ಸತ್ತವಳು ಮಧುಮೇಹಿಯಾದಳು. ವಿಯೆಕೆಸ್ ಎಂಬ ಪುಟ್ಟ ದ್ವೀಪದ ಆಸ್ಪತ್ರೆ ಹಾಳಾದುದರಿಂದ ಅಲ್ಲಿನ ಡಯಾಲಿಸಿಸ್ ರೋಗಿಗಳು ಪ್ರತಿ ಸಲವೂ ವಿಮಾನ ಹತ್ತಿ ಮುಖ್ಯ ದ್ವೀಪಕ್ಕೆ ಹೋಗಬೇಕಾಯಿತು. ಪೆಟ್ಟು ಅಮೆರಿಕಕ್ಕೂ ತಾಗದೆ ಇರಲಿಲ್ಲ. ರಕ್ತನಾಳಕ್ಕೆ ಕೊಡುವ ಸಲೈನ್ ಚೀಲಗಳ ಕಾರ್ಖಾನೆಗಳು ಇಲ್ಲಿದ್ದುದರಿಂದ ಅಲ್ಲಿನ ಆಸ್ಪತ್ರೆಗಳಲ್ಲಿ ಅವುಗಳಿಗೆ ಅಭಾವ ಬಂತು.

2018ರ ಮೇ ಕೊನೆಯಲ್ಲಿ ಪ್ರಕಟವಾದ ಹಾರ್ವರ್ಡ್ ಸಮೀಕ್ಷೆ ಹೆಚ್ಚುವರಿ ಸಾವುಗಳನ್ನು 4,645 ಎಂದು ಅಂದಾಜಿಸಿತು. ಅದರ ದೋಷವ್ಯಾಪ್ತಿ ಬಲು ಅಗಲ, 793ರಿಂದ 8,498ರವರೆಗೆ. ಆದರೂ 64 ಎಂಬುದು ನಂಬತಕ್ಕ ಸಂಖ್ಯೆಯಲ್ಲ ಎಂಬುದನ್ನು ಅದು ಎಲ್ಲರಿಗೂ ಮನವರಿಕೆ ಮಾಡಿಕೊಟ್ಟಿತು. ಚಿಕಿತ್ಸೆ ತಡವಾದದ್ದು ಅಥವಾ ತಪ್ಪಿದ್ದು ಮೂರನೇ ಒಂದು ಭಾಗದಷ್ಟು ಸಾವುಗಳಿಗೆ ಕಾರಣವೆಂದು ಮನೆಯವರು ಹೇಳಿದ್ದರು. ಜೂನ್ ಮೊದಲಲ್ಲಿ ಜನ ಸತ್ತವರ ಚಪ್ಪಲಿ, ಬೂಟುಗಳನ್ನು ತಂದು ಸಾನ್ ಹ್ವಾನಿನ ಶಾಸನಸಭಾ ಭವನದ ಎದುರು ಸಾಲಾಗಿ ಜೋಡಿಸಿದರು. ಆಗಸ್ಟ್ 28ರಂದು ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಧ್ಯಯನ ಆರು ತಿಂಗಳ ಅವಧಿಗೆ 2,975 ಹೆಚ್ಚುವರಿ ಸಾವುಗಳನ್ನು ಲೆಕ್ಕ ಹಾಕಿತು; ಸರ್ಕಾರ ಅದನ್ನೇ ಅಧಿಕೃತ ಸಂಖ್ಯೆಯಾಗಿ ಒಪ್ಪಿತು. ಬಡ ಪುರಸಭೆಗಳವರಿಗೆ ಸಾವಿನ ಅಪಾಯ ಶೇಕಡಾ 45ರಷ್ಟು ಹೆಚ್ಚಿತ್ತು. 65 ದಾಟಿದ ಗಂಡಸರ ಸಾವುಗಳು ಅಧ್ಯಯನದ ಕೊನೆಯ ತಿಂಗಳಲ್ಲೂ ಇಳಿದಿರಲಿಲ್ಲ.

ನೀಲಿ ಮಾಡು, ಮನೆಯ ಪತ್ರ

ಮಾಡು ಹೋದ ಮನೆಗಳಿಗೆ ಅಮೆರಿಕದ ಸೇನಾ ಎಂಜಿನಿಯರುಗಳು ಸುಮಾರು 60,000 ನೀಲಿ ಪ್ಲಾಸ್ಟಿಕ್ ಹೊದಿಕೆಗಳನ್ನು ಹಾಕಿದರು. ಒಂದು ತಿಂಗಳ ಮಟ್ಟಿಗೆಂದು ಬಂದ ಈ ಟಾರ್ಪಾಲುಗಳ ಕೆಳಗೆ ಹಲವು ಕುಟುಂಬಗಳು ವರ್ಷಗಟ್ಟಲೆ ಬಾಳಿದವು, ಹರಿದರೆ ಮೇಲೊಂದು ಹೊದಿಸಿ. ಮನೆ ದುರಸ್ತಿಯ ನೆರವಿಗೆ ಹನ್ನೊಂದು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಅಮೆರಿಕದ ವಿಪತ್ತು ಸಂಸ್ಥೆ ಒಡೆತನದ ದಾಖಲೆ ಕೇಳಿತು; ಅಪ್ಪನ ಜಾಗದ ಮೂಲೆಯಲ್ಲಿ ಕಟ್ಟಿಕೊಂಡ, ಪಾಲುಪಟ್ಟಿಯೇ ಆಗದ ಮನೆಗಳಲ್ಲಿ ಅಂಥ ಪತ್ರ ಎಲ್ಲಿಂದ ಬರಬೇಕು? ಈ ಕಾರಣಕ್ಕೆ ಸಾವಿರಾರು ಅರ್ಜಿಗಳು ತಿರಸ್ಕೃತವಾದವು. ದ್ವೀಪದ ಕಾನೂನಿನಲ್ಲಿ ಅಂಥ ಒಡೆತನಕ್ಕೆ ಮಾನ್ಯತೆ ಇದೆಯೆಂದು ಅಲ್ಲಿನ ಕಾನೂನು ನೆರವಿನ ವಕೀಲರು ವಾದಿಸಿ, ಸ್ವಯಂ ಘೋಷಣೆಯ ಪತ್ರವೊಂದನ್ನು ರೂಪಿಸಿದರು. ಸಂಸ್ಥೆ ಇಡೀ ದೇಶಕ್ಕೆ ಅನ್ವಯವಾಗುವಂತೆ ತನ್ನ ನಿಯಮ ಸಡಿಲಿಸಿದ್ದು 2021ರ ಸೆಪ್ಟೆಂಬರಿನಲ್ಲಿ. ಮರಿಯಾದಿಂದ ಹೊರಬಂದ ಒಳ್ಳೆಯ ಬದಲಾವಣೆಗಳಲ್ಲಿ ಇದೇ ಮುಖ್ಯವಾದದ್ದು, ಆದರೂ ಇದರ ಮಾತು ಕೇಳಿಬರುವುದು ಕಡಿಮೆ. ಅಧ್ಯಕ್ಷ ಟ್ರಂಪ್ 2017ರ ಅಕ್ಟೋಬರ್ 3ರಂದು ಜನರತ್ತ ಪೇಪರ್ ಟವೆಲ್ ಸುರುಳಿ ಎಸೆದದ್ದು ಮಾತ್ರ ಎಲ್ಲರಿಗೂ ನೆನಪಿದೆ.

ನೆರವು ಬರುವ ಮೊದಲು ಬಂದವರು ನೆರೆಯವರು. ಊತುವಾದೊ ಬೆಟ್ಟಗಳಲ್ಲಿ ಸೇತುವೆ ಕೊಚ್ಚಿಹೋದ ಊರಿನವರು ಹೊಳೆಗೆ ಅಡ್ಡಲಾಗಿ ತಂತಿ ಕಟ್ಟಿ, ಅಂಗಡಿಯ ತಳ್ಳುಬುಟ್ಟಿಯನ್ನು ಅದಕ್ಕೆ ತೂಗುಹಾಕಿ ಅಕ್ಕಿ, ನೀರು ದಾಟಿಸಿಕೊಂಡರು. ಕಾಗ್ವಾಸ್, ಉಮಕಾವೊಗಳಲ್ಲಿ ಪರಸ್ಪರ ನೆರವಿನ ಅಡುಗೆಮನೆಗಳು ಎದ್ದವು. ಉಂಡವರು ಪಾತ್ರೆ ತೊಳೆಯಬೇಕು ಅಥವಾ ಒಂದು ಕೆಲಸಕ್ಕೆ ಕೈ ಹಚ್ಚಬೇಕು. ಬಾಣಸಿಗ ಹೋಸೆ ಆಂದ್ರೆಸ್ ಅವರ ವರ್ಲ್ಡ್ ಸೆಂಟ್ರಲ್ ಕಿಚನ್ ಸ್ಥಳೀಯ ಅಡುಗೆಯವರನ್ನು ಕೂಡಿಸಿಕೊಂಡು 30 ಲಕ್ಷಕ್ಕೂ ಹೆಚ್ಚು ಊಟ ಬಡಿಸಿತು. ಅದ್ಹುಂತಾಸ್ ಊರಿನ ಕಾಸಾ ಪ್ವೆಬ್ಲೊ ಎಂಬ ಸಮುದಾಯ ಸಂಸ್ಥೆ 1999ರಿಂದಲೇ ಸೌರಫಲಕ ಹಾಕಿಕೊಂಡಿತ್ತು. ಗಾಳಿಯ ಮರುದಿನವೂ ಅಲ್ಲಿ ದೀಪ ಉರಿಯಿತು. ಉಸಿರಾಟದ ಯಂತ್ರ, ಫೋನುಗಳನ್ನು ಹಿಡಿದು ಜನ ಅಲ್ಲಿಗೆ ಬಂದರು. ಮುಂದೆ ಸಂಸ್ಥೆ ಸಾವಿರಾರು ಸೌರದೀಪಗಳನ್ನು ಹಂಚಿತು.

ಎಲ್ಲರೂ ಉಳಿಯಲಿಲ್ಲ. 2017ರ ಜುಲೈಯಿಂದ 2018ರ ಜುಲೈವರೆಗಿನ ಒಂದು ವರ್ಷದಲ್ಲಿ ದ್ವೀಪದ ಜನಸಂಖ್ಯೆ ಸುಮಾರು 1.3 ಲಕ್ಷ, ಅಂದರೆ ಶೇಕಡಾ 4ರಷ್ಟು ಇಳಿಯಿತು. ಹೋದವರಲ್ಲಿ ಹಲವರು ಫ್ಲೋರಿಡಾದಲ್ಲಿ ನೆಲೆಸಿದರು. ಉಳಿದವರ ಪೈಕಿ ಹತ್ತಾರು ಸಾವಿರ ಕುಟುಂಬಗಳು ತಾರಸಿಯ ಮೇಲೆ ಸೌರಫಲಕ, ಮನೆಯೊಳಗೆ ಬ್ಯಾಟರಿ ಕೂರಿಸಿಕೊಂಡವು. 2022ರ ಸೆಪ್ಟೆಂಬರ್ 18ರಂದು ಫಿಯೋನಾ ಹರಿಕೇನ್ ಬಂತು. ಅದು ಮೊದಲನೆಯ ವರ್ಗದ್ದು, ಗಾಳಿಯ ವೇಗದಲ್ಲಿ ಮರಿಯಾಕ್ಕೆ ಹೋಲಿಕೆಯೇ ಇಲ್ಲ; ಆದರೂ ಇಡೀ ದ್ವೀಪದ ಕರೆಂಟು ಹೋಯಿತು.