ದಾರಿ ತೆರವಿನ ಅಲಗು

ಹರದನಹಳ್ಳಿ ಸೀಮೆಯಲ್ಲಿ ಹಿಮ ಬೀಳುವುದಿಲ್ಲ. ಆದರೆ ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವವರು ಇಳಿಯುವ ದಿಂಬಂ ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಜಡಿಮಳೆಗೆ ಅಲ್ಲಿ ಮಣ್ಣು, ಬಂಡೆ, ಮರ ರಸ್ತೆಗೆ ಉರುಳಿದರೆ ಮೊದಲು ನೆನಪಾಗುವುದು ಜೆಸಿಬಿ. ಲಡಾಖ್ ದಾರಿಯ ಜೋಜಿ ಲಾ (ಸುಮಾರು 3,500 ಮೀಟರ್ ಎತ್ತರ) ಕಣಿವೆಯಲ್ಲಿ ಗಡಿ ರಸ್ತೆ ಸಂಸ್ಥೆಯವರು ಹಿಮ ಸರಿಸಲು ಬಳಸುವ ಡೋಜರಿಗೂ ಜೆಸಿಬಿಗೂ ಮೂಲ ಸಲಕರಣೆ ಒಂದೇ: ಒಂದು ಉಕ್ಕಿನ ಅಲಗು ಇಲ್ಲವೇ ಬಕೆಟ್, ಅದನ್ನು ಎತ್ತಿಳಿಸುವ ಹೈಡ್ರಾಲಿಕ್ ಸಿಲಿಂಡರ್.

ಅಲಗಿನ ತುದಿಗೆ ಬೋಲ್ಟ್ ಹಾಕಿ ಕೂರಿಸಿದ ಪಟ್ಟಿ ಸವೆಯುವುದಕ್ಕೆಂದೇ ಇರುವುದು. ಸಕಾಲದಲ್ಲಿ ಬದಲಿಸದಿದ್ದರೆ ಅಲಗೇ ಸವೆಯುತ್ತದೆ. ಪಿನ್ನುಗಳಿಗೆ ಗ್ರೀಸ್ ತಪ್ಪಿಸುವಂತಿಲ್ಲ. ಎಂಜಿನ್ ನಿಲ್ಲಿಸುವ ಮುನ್ನ ಬಕೆಟ್ ನೆಲಕ್ಕಿಳಿಸಬೇಕು. ಎತ್ತಿದ ಬಕೆಟ್ಟಿನ ಕೆಳಗೆ ಯಾರೂ ನುಸುಳಬಾರದು.

ಎಲ್ಲಕ್ಕಿಂತ ಅಪಾಯ ಹೈಡ್ರಾಲಿಕ್ ಪೈಪಿನದು. ಎಲ್ಲಿ ಸೋರುತ್ತಿದೆಯೆಂದು ಕೈಯಲ್ಲಿ ತಡಕಬಾರದು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ತೂರಿ ಒಳಗಿಳಿಯುತ್ತದೆ. ಮೇಲೆ ಕಾಣುವುದು ಚುಕ್ಕೆಯಷ್ಟು ಗಾಯ, ನೋವೂ ಮೊದಲಿಗೆ ಅಷ್ಟಿರುವುದಿಲ್ಲ. ಆಸ್ಪತ್ರೆಗೆ ತಡವಾದರೆ ಬೆರಳೇ ಹೋಗಬಹುದು. ಕೈಗೆ ಬದಲು ರಟ್ಟಿನ ತುಂಡು ಹಿಡಿದು ನೋಡಬೇಕು.

ಹಿಮ ಕತ್ತರಿಸಿ ದೂರಕ್ಕೆಸೆಯುವ ಯಂತ್ರದಲ್ಲಿ ಒಂದು ಜಾಣ ಏರ್ಪಾಡಿದೆ. ಕಲ್ಲು ಸಿಕ್ಕಿದರೆ ಷಿಯರ್ ಪಿನ್ ಮುರಿದುಬೀಳುತ್ತದೆ, ಗೇರ್‌ಬಾಕ್ಸ್ ಉಳಿಯುತ್ತದೆ. ಆ ಜಾಗಕ್ಕೆ ಗಟ್ಟಿ ಬೋಲ್ಟ್ ತುರುಕುವ ಮೆಕ್ಯಾನಿಕ್ ಪಿನ್ನಿನ ಕಾಸು ಉಳಿಸಿ ಗೇರ್‌ಬಾಕ್ಸಿಗೆ ಬಿಲ್ ಬರೆಸುತ್ತಾನೆ. ಕಟ್ಟಿಕೊಂಡ ಹಿಮ ಬಿಡಿಸುವಾಗಲೂ ಎಂಜಿನ್ ಆರಿಸಿ, ಕೀಲಿ ತೆಗೆದು, ಕೋಲಿನಿಂದಲೇ ಕೆದಕಬೇಕು.