ಕನ್ನಡ ಪುಟವಿನ್ಯಾಸದಲ್ಲಿ ಗ್ರಿಡ್ ವ್ಯವಸ್ಥೆ
ಗ್ರಿಡ್ ವ್ಯವಸ್ಥೆಯು ಪುಟದ ಅಂಚು, ಕಾಲಂ ಹಾಗೂ ಸಾಲುಗಳ ಸ್ಥಾನವನ್ನು ಮೊದಲೇ ನಿಗದಿಪಡಿಸಿ, ಅಕ್ಷರ ಮತ್ತು ಚಿತ್ರಗಳನ್ನು ಅದಕ್ಕನುಗುಣವಾಗಿ ಜೋಡಿಸುವ ವಿನ್ಯಾಸಕ್ರಮವಾಗಿದೆ. ಸ್ವಿಟ್ಜರ್ಲೆಂಡಿನ ಯೋಸೆಫ್ ಮ್ಯೂಲರ್-ಬ್ರೋಕ್‌ಮನ್ ಈ ಕುರಿತು 1981ರಲ್ಲಿ ಪ್ರಕಟಿಸಿದ ಕೃತಿ ಪ್ರಸಿದ್ಧವಾಗಿದೆ.

ರೋಮನ್ ಲಿಪಿಯ ಅಳತೆಗಳು ಕನ್ನಡಕ್ಕೆ ಹಾಗೆಯೇ ಒಗ್ಗುವುದಿಲ್ಲ. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ‘ರಾಷ್ಟ್ರ’ ಎಂಬಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತುಗಳಿವೆ. ಅಂತರ ಸಾಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಆದುದರಿಂದ ಇಲ್ಲಿ ಮೊದಲು ನಿರ್ಧರಿಸಬೇಕಾದುದು ಸಾಲುಗಳ ಅಂತರ. ಕಾಲಂಗಳ ಸಂಖ್ಯೆ ಅನಂತರದ್ದು. ಸಮಾಸಪದಗಳು ದೀರ್ಘವಾಗಿರುವುದರಿಂದ ಕಾಲಂ ತೀರ ಕಿರಿದಾಗಿಯೂ ಇರಬಾರದು.

ಪದ್ಯಗ್ರಂಥಗಳಲ್ಲಿ ಛಂದಸ್ಸೇ ಗ್ರಿಡ್ಡನ್ನು ನಿರ್ದೇಶಿಸುತ್ತದೆ. ರಾಯಚೂರು ಜಿಲ್ಲೆಯ ಮಾನ್ವಿಯಲ್ಲಿ ನೆಲೆಸಿದ್ದ ಜಗನ್ನಾಥದಾಸರ ‘ಹರಿಕಥಾಮೃತಸಾರ’ವು ಭಾಮಿನೀ ಷಟ್ಪದಿಯಲ್ಲಿದೆ. ಈ ಷಟ್ಪದಿಯ 1, 2, 4 ಮತ್ತು 5ನೆಯ ಸಾಲುಗಳಿಗೆ 14 ಮಾತ್ರೆಗಳು. 3 ಮತ್ತು 6ನೆಯ ಸಾಲುಗಳಿಗೆ 23. ಕಾಗದ ಉಳಿಸಲೆಂದು ಪುಟವನ್ನು ಇಕ್ಕಟ್ಟಾದ ಎರಡು ಕಾಲಂಗಳಾಗಿ ವಿಭಜಿಸಿದರೆ ಉದ್ದನೆಯ ಸಾಲುಗಳು ಮುರಿದು, ಆರು ಸಾಲಿನ ಪದ್ಯ ಎಂಟು ಸಾಲಿನದಾಗಿ ಕಾಣುತ್ತದೆ. ಪಾರಾಯಣ ಮಾಡುವವರು ನಿಲ್ಲಬಾರದ ಕಡೆ ನಿಲ್ಲುತ್ತಾರೆ. ತಾಳೆಗರಿಯಲ್ಲಿ ಪದ್ಯವನ್ನು ಸಾಮಾನ್ಯವಾಗಿ ಸಾಲು ಬಿಡಿಸದೆ ಬರೆಯುತ್ತಿದ್ದುದರಿಂದ ಈ ತೊಡಕು ಮುದ್ರಣದೊಂದಿಗೇ ಬಂದದ್ದು. ಕಾಲಂ ಅಗಲವನ್ನು 23 ಮಾತ್ರೆಯ ಸಾಲಿಗೆ ಅಳೆದು, ಆರೂ ಸಾಲುಗಳನ್ನು ಒಂದೇ ಎಡ ಅಂಚಿನಿಂದ ಆರಂಭಿಸುವುದು ಸೂಕ್ತ. ಆಗ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಬರುವ ಆದಿಪ್ರಾಸವೂ ಹೆಚ್ಚುಕಡಿಮೆ ಒಂದರ ಕೆಳಗೊಂದು ಕಾಣಿಸುತ್ತದೆ.